‘ಹ’ ಅಕ್ಷರದ ಪದಗಳು: ಹಕಾರದ ಹಿಂದಿರುವ ಪಕಾರವನ್ನು ಹುಡುಕುವ ಚರ್ಚೆ

ಪದಾನ್ವೇಷಿ (ಚರ್ಚೆಯನ್ನು ಆರಂಭಿಸಿದವರು):

ಮಾನ್ಯ ಸದಸ್ಯರೇ, ವರ್ಣಮಾಲೆಯ ಒಂದೊಂದೇ ಅಕ್ಷರವನ್ನು ಎತ್ತಿಕೊಂಡು ಅದರ ಪದಗಳನ್ನೂ ಅದರ ಸ್ವಾರಸ್ಯಗಳನ್ನೂ ಹಂಚಿಕೊಳ್ಳುವ ನಮ್ಮ ಸರಣಿಯಲ್ಲಿ ಈ ಬಾರಿ ‘ಹ’ ಅಕ್ಷರವನ್ನು ಆರಿಸಿಕೊಂಡಿದ್ದೇನೆ. ಯರಲವದ ಸಾಲಿನ ಕೊನೆಯಲ್ಲಿ, ಳಕಾರಕ್ಕೆ ಸ್ವಲ್ಪ ಮೊದಲು ಕುಳಿತಿರುವ ಈ ಅಕ್ಷರವು ನಮ್ಮ ದಿನದ ಮಾತಿನಲ್ಲಿ ಎಷ್ಟು ಜಾಗ ಹಿಡಿದಿದೆ ಎಂಬುದನ್ನು ನಾವು ಗಮನಿಸಿರುವುದಿಲ್ಲ. ಹಾಲು, ಹಣ್ಣು, ಹೂವು, ಹುಲ್ಲು, ಹೊಲ, ಹಳ್ಳಿ, ಹಕ್ಕಿ, ಹಾವು, ಹುಲಿ, ಹಂದಿ, ಹಲ್ಲು, ಹೆಸರು, ಹೊಸತು, ಹಳತು, ಹತ್ತು ಎಂದು ಹೇಳುತ್ತ ಹೋದರೆ ಒಂದು ಊರಿನ ಬದುಕೇ ಈ ಒಂದು ಅಕ್ಷರದೊಳಗೆ ಬಂದುಬಿಡುತ್ತದೆ.

ಇವುಗಳಲ್ಲಿ ಒಂದೂ ಹುಟ್ಟಿನಿಂದ ಹಕಾರದ ಪದವಲ್ಲ. ಹಳಗನ್ನಡದಲ್ಲಿ ಇವೆಲ್ಲವೂ ಪಾಲ್, ಪಣ್, ಪೂ, ಪುಲ್, ಪೊಲ, ಪಳ್ಳಿ, ಪಕ್ಕಿ, ಪಾವು, ಪುಲಿ, ಪಂದಿ, ಪಲ್, ಪೆಸರ್, ಪೊಸತು, ಪೞತು, ಪತ್ತು ಎಂದಿದ್ದವು. ಸುಮಾರು 10ನೇ ಶತಮಾನದಿಂದ ಶಾಸನಗಳಲ್ಲಿ ಅಲ್ಲಲ್ಲಿ ಹಕಾರದ ರೂಪಗಳು ಕಾಣಿಸತೊಡಗಿ, ನಡುಗನ್ನಡದ ಹೊತ್ತಿಗೆ ಪದದ ಮೊದಲಿನ ಪಕಾರವು ಆಡುಮಾತಿನಲ್ಲಿ ಬಹುಮಟ್ಟಿಗೆ ಹಕಾರವಾಗಿ ನೆಲೆನಿಂತಿತು. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳು ಪಕಾರವನ್ನು ಇಂದಿಗೂ ಉಳಿಸಿಕೊಂಡಿರುವುದರಿಂದ, ಕನ್ನಡವನ್ನು ಅದರ ಒಡಹುಟ್ಟುಗಳಿಂದ ಥಟ್ಟನೆ ಬೇರೆಯಾಗಿ ಕೇಳಿಸುವಂತೆ ಮಾಡಿರುವುದರಲ್ಲಿ ಈ ಒಂದು ಬದಲಾವಣೆಯ ಪಾಲು ಬಹಳ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ‘ಹ’ದಿಂದ ಆರಂಭವಾಗುವ ಪದಗಳನ್ನು ಬರಿದೇ ಪಟ್ಟಿ ಮಾಡುವುದಕ್ಕಿಂತ, ತಮಗೆ ಇಷ್ಟವಾದ ಪದವೊಂದರ ಹಿಂದೆ ಪಕಾರವಿದೆಯೇ ಎಂದು ನೋಡಿ, ಅದು ಎಲ್ಲಿ ಉಳಿದಿದೆ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ.

ಶಾಸನಾಸಕ್ತ:

ಪದಾನ್ವೇಷಿಗಳೇ, ಇದಕ್ಕೆ ನಮ್ಮ ಹಲ್ಮಿಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬೇಲೂರು ತಾಲ್ಲೂಕಿನ ಆ ಊರಿನ ಶಾಸನವನ್ನು ಸುಮಾರು 450ರದೆಂದು ಗುರುತಿಸುತ್ತಾರೆ. ಅದರಲ್ಲಿ ದಾನವಾಗಿ ಕೊಟ್ಟ ಎರಡು ಊರುಗಳ ಹೆಸರು ‘ಪಲ್ಮಡಿ’ ಮತ್ತು ‘ಮೂೞಿವಳ್ಳಿ’ ಎಂದಿದೆ. ಪಲ್ಮಡಿಯೇ ಇಂದಿನ ಹಲ್ಮಿಡಿ. ಅಂದರೆ ಕನ್ನಡದ ಅತಿ ಪ್ರಸಿದ್ಧ ಶಾಸನವು ತನ್ನ ಊರಿನ ಹೆಸರನ್ನು ಪಕಾರದಲ್ಲಿಯೇ ಬರೆದಿಟ್ಟಿದೆ. ಎರಡನೆಯ ಹೆಸರಿನಲ್ಲಿರುವ ‘ವಳ್ಳಿ’ಯೂ ಪಳ್ಳಿಯೇ ಆಗಿದ್ದು, ಸಮಾಸದ ನಡುವೆ ಬಂದುದರಿಂದ ಪಕಾರವು ವಕಾರವಾಗಿದೆ. ಒಂದೇ ಸಾಲಿನಲ್ಲಿ ಪಕಾರದ ಎರಡು ಹಾದಿಗಳು ಹೀಗೆ ಕಾಣಸಿಗುವುದು ನನಗಂತೂ ಪ್ರತಿಬಾರಿಯೂ ಸಂತೋಷ ಕೊಡುತ್ತದೆ.

ಬಾದಾಮಿಯಲ್ಲಿರುವ ಕಪ್ಪೆ ಅರಭಟ್ಟನ ಶಾಸನವು ಸುಮಾರು 700ರದು. ಅದರ ‘ಮಾಧವನೀತನ್ ಪೆಱನಲ್ಲ’ ಎಂಬ ಮಾತು ಶಾಲೆಯ ಮಕ್ಕಳಿಗೂ ಗೊತ್ತು. ಆ ‘ಪೆಱ’ ಮುಂದೆ ‘ಹೆರ’ ಆಯಿತು. ಬೇರೆಯವರು ಎಂಬ ಅರ್ಥದಲ್ಲಿ ‘ಹೆರವರು’ ಎಂಬ ಮಾತನ್ನು ಈಗಲೂ ಬಳಸುವವರಿದ್ದಾರೆ. ಪಂಪನು 941ರಲ್ಲಿ ಬನವಾಸಿಯ ಕುರಿತು ಬರೆದಾಗ, ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಆ ನಾಡಿನಲ್ಲಿ ‘ಪುಟ್ಟುವುದು’ ಎಂದನೇ ಹೊರತು ‘ಹುಟ್ಟುವುದು’ ಎನ್ನಲಿಲ್ಲ.

ಊರುಗಳ ಹೆಸರುಗಳಲ್ಲಿ ಈ ಕಥೆ ಇನ್ನೂ ವಿಸ್ತಾರವಾಗಿದೆ. ಶಾಸನಗಳ ಪಾನುಂಗಲ್ಲು ಇಂದಿನ ಹಾನಗಲ್ಲು, ಪೊಂಬುರ್ಚವು ಹೊಂಬುಜ ಅಥವಾ ಹುಂಚ, ಪುಲಿಗೆರೆಯು ಹುಲಿಗೆರೆಯಾಗಿ ಈಗ ಲಕ್ಷ್ಮೇಶ್ವರ ಎನಿಸಿಕೊಂಡಿದೆ. ಪಟ್ಟಣ ಎಂಬ ಅರ್ಥದ ‘ಪೊೞಲ್’ ಎಂಬ ಹಳೆಯ ಪದವು ಹೊಳಲ್ಕೆರೆಯಲ್ಲಿ ಹಕಾರವಾಗಿ ನಿಂತಿದೆ. ಪಟ್ಟದಕಲ್ಲಿನ ಹಳೆಯ ಹೆಸರಾದ ಕಿಸುವೊೞಲಿನಲ್ಲಿ ಅದೇ ಪದವು ವಕಾರ ತಳೆದಿದೆ. ಹೊಯ್ಸಳರನ್ನಂತೂ ಬಿಡುವಂತಿಲ್ಲ. ಅನೇಕ ಶಾಸನಗಳಲ್ಲಿ ಆ ಮನೆತನದ ಹೆಸರು ‘ಪೊಯ್ಸಳ’ ಎಂದೇ ಇದೆ. ಐತಿಹ್ಯದಲ್ಲಿ ಹುಲಿಯನ್ನು ಹೊಡೆಯೆಂದು ಗುರುವು ಸಳನಿಗೆ ಹೇಳಿದ ‘ಪೊಯ್’ ಎಂಬ ಮಾತೇ ಇಂದಿನ ‘ಹೊಯ್’ ಆಗಿದೆ.

ಕರಾವಳಿಯ ಓದುಗಿ:

ನಮ್ಮ ಮನೆಮಾತು ತುಳು. ಶಾಲೆಯಲ್ಲಿ ಕನ್ನಡ ಕಲಿಯುವಾಗ ನಾವು ಮಕ್ಕಳೇ ಕಂಡುಕೊಂಡಿದ್ದ ಉಪಾಯವೊಂದಿತ್ತು: ಗೊತ್ತಿಲ್ಲದ ಕನ್ನಡ ಪದವು ಹಕಾರದಿಂದ ಆರಂಭವಾದರೆ ಅಲ್ಲಿ ಪಕಾರವನ್ನಿಟ್ಟು ನೋಡುವುದು. ಹಕ್ಕಿ ಎಂದರೆ ಪಕ್ಕಿ, ಹತ್ತು ಎಂದರೆ ಪತ್ತ್, ಹೊಸ ಎಂದರೆ ಪೊಸ, ಹುಲಿ ಎಂದರೆ ಪಿಲಿ, ಹಂದಿ ಎಂದರೆ ಪಂಜಿ, ಹೆಣ್ಣು ಎಂದರೆ ಪೊಣ್ಣು, ಹೆಸರು ಎಂದರೆ ಪುದರ್. ಎಲ್ಲ ಪದಗಳಿಗೂ ಈ ಉಪಾಯ ಸಲ್ಲುವುದಿಲ್ಲ. ಹಾವಿಗೆ ನಾವು ಉಚ್ಚು ಎನ್ನುತ್ತೇವೆ, ಅದು ಬೇರೆಯೇ ಮೂಲದ ಪದ.

ದಸರೆಯಲ್ಲಿಯೂ ಕೃಷ್ಣ ಜನ್ಮಾಷ್ಟಮಿಯಲ್ಲಿಯೂ ನಮ್ಮಲ್ಲಿ ಕುಣಿಯುವ ಪಿಲಿವೇಷವನ್ನು ಘಟ್ಟದ ಮೇಲಿನವರು ಹುಲಿವೇಷ ಎನ್ನುತ್ತಾರೆ. ಮಂಗಳೂರಿನ ಸಮೀಪದ ಪಿಲಿಕುಳವನ್ನು ಎಲ್ಲರೂ ಬಲ್ಲಿರಿ. ಪಿಲಿ ಎಂದರೆ ಹುಲಿ, ಕುಳ ಎಂದರೆ ಕೆರೆ. ಮೇಲೆ ಶಾಸನಾಸಕ್ತರು ಹೇಳಿದ ಪುಲಿಗೆರೆಯಲ್ಲಿಯೂ ಅದೇ ಹುಲಿ, ಅದೇ ಕೆರೆ. ಕಡಲ ತಡಿಯ ಊರಿಗೂ ಬಯಲುಸೀಮೆಯ ಊರಿಗೂ ಒಂದೇ ಹೆಸರಿರುವುದನ್ನು ಇಂದು ಈ ಚರ್ಚೆಯಲ್ಲಿಯೇ ಗಮನಿಸಿದೆ.

ಅಡುಗೆಮನೆಯಿಂದ:

ಅಡುಗೆಮನೆಯ ಹಕಾರಗಳನ್ನು ನಾನು ಸೇರಿಸುತ್ತೇನೆ. ಹಾಗಲ, ಹೀರೆ, ಹುಣಸೆ, ಹಲಸು, ಹೆಸರುಕಾಳು, ಹಪ್ಪಳ ಇವೆಲ್ಲವೂ ಪಕಾರದ ಮನೆಯವೇ. ಹೆಸರುಕಾಳಿನ ‘ಹೆಸರು’ ಹಳಗನ್ನಡದಲ್ಲಿ ಪೆಸರ್. ತೆಲುಗರ ಪೆಸರಟ್ಟಿನಲ್ಲಿ ಅದೇ ಪೆಸರು ಇಂದಿಗೂ ಬೇಯುತ್ತಿದೆ. ನಾಮಧೇಯ ಎಂಬ ಅರ್ಥದ ಹೆಸರೂ ಹಳಗನ್ನಡದಲ್ಲಿ ಪೆಸರೇ ಆಗಿದ್ದರಿಂದ, ಈ ಎರಡು ಪದಗಳು ಸಾವಿರ ವರ್ಷಗಳಿಂದ ಒಂದೇ ಉಡುಪಿನಲ್ಲಿ ನಡೆದುಬಂದಿವೆ.

ಹಪ್ಪಳದ ವಿಷಯ ಇನ್ನೂ ಸೊಗಸಾಗಿದೆ. ಸಂಸ್ಕೃತದಲ್ಲಿ ಪರ್ಪಟ, ಹಿಂದಿಯಲ್ಲಿ ಪಾಪಡ್, ಮಲಯಾಳದಲ್ಲಿ ಪಪ್ಪಡಂ, ಕನ್ನಡದಲ್ಲಿ ಹಪ್ಪಳ, ತೆಲುಗಿನಲ್ಲಿ ಅಪ್ಪಡಂ, ತಮಿಳಿನಲ್ಲಿ ಅಪ್ಪಳಂ. ಮೊದಲಿನ ಪಕಾರವನ್ನು ಕೆಲವರು ಇಟ್ಟುಕೊಂಡರು, ನಾವು ಹಕಾರ ಮಾಡಿದೆವು, ಉಳಿದಿಬ್ಬರಲ್ಲಿ ಅದು ಕಾಣಿಸುವುದೇ ಇಲ್ಲ. ನಡುವಿನ ಜೋಡಿ ಪಕಾರ ಮಾತ್ರ ದಕ್ಷಿಣದ ನಾಲ್ಕೂ ಭಾಷೆಗಳಲ್ಲಿ ಅಲುಗದೆ ನಿಂತಿದೆ.

ಹುರಿಯುವ ಕ್ರಿಯೆಯ ‘ಹುರಿ’ಯೂ ಕಡಲೆಪುರಿಯ ‘ಪುರಿ’ಯೂ ಒಂದೇ ಬಳಗದವು. ಸಂತೆಯಿಂದ ಪೊಟ್ಟಣದಲ್ಲಿ ತರುವಾಗ ಪುರಿ ಎನ್ನುವ ನಾವೇ ಒಲೆಯ ಮುಂದೆ ನಿಂತಾಗ ಹುರಿ ಎನ್ನುತ್ತೇವೆ.

ಪದಾನ್ವೇಷಿ:

ತಾಯಿ, ಹಪ್ಪಳದ ಜೋಡಿ ಪಕಾರದ ಬಗ್ಗೆ ತಾವು ಹೇಳಿದ್ದು ಈ ಚರ್ಚೆಯ ತಿರುಳಿಗೇ ಮುಟ್ಟುತ್ತದೆ. ಬದಲಾದದ್ದು ಮುಖ್ಯವಾಗಿ ಪದದ ಮೊದಲಿನ ಒಂಟಿ ಪಕಾರ. ಅದು ಪದದ ನಡುವೆ ಇಮ್ಮಡಿಯಾಗಿದ್ದರೆ ಅಥವಾ ಅನುನಾಸಿಕದ ಜೊತೆಗಿದ್ದರೆ ಸಾಮಾನ್ಯವಾಗಿ ಹಕಾರವಾಗದೆ ಉಳಿಯಿತು. ಪಂಪಾ ಕ್ಷೇತ್ರವು ಹಂಪೆಯಾದಾಗ ಮೊದಲಿನ ಪಕಾರವಷ್ಟೇ ಹಕಾರವಾಗಿ, ಎರಡನೆಯದು ಹಾಗೆಯೇ ಇರುವುದನ್ನು ನೋಡಿ. ವಿರೂಪಾಕ್ಷನು ಇಂದಿಗೂ ಪಂಪಾಪತಿಯೇ.

ಎಣಿಕೆಯ ಪದಗಳಲ್ಲಿ ಈ ನಿಯಮವು ಎಷ್ಟು ಸ್ಪಷ್ಟವಾಗಿದೆಯೆಂದರೆ, ಒಂದು ಮಗುವಿಗೂ ತೋರಿಸಬಹುದು. ಪತ್ತು ಒಂಟಿಯಾಗಿ ನಿಂತಾಗ ಹತ್ತಾಯಿತು; ಹನ್ನೊಂದು, ಹದಿನೈದು ಎನ್ನುವಾಗಲೂ ಅದು ಮೊದಲಿಗೆ ಬರುವುದರಿಂದ ಹಕಾರವನ್ನೇ ಪಡೆಯಿತು. ಆದರೆ ಇಪ್ಪತ್ತು, ಎಪ್ಪತ್ತುಗಳಲ್ಲಿ ಪಕಾರವಾಗಿಯೇ ಉಳಿಯಿತು, ಮೂವತ್ತು, ಐವತ್ತು, ಅರವತ್ತುಗಳಲ್ಲಿ ವಕಾರವಾಯಿತು, ಒಂಬತ್ತು, ಎಂಬತ್ತು, ತೊಂಬತ್ತುಗಳಲ್ಲಿ ಬಕಾರವಾಯಿತು. ನಾವು ದುಡ್ಡು ಎಣಿಸುವಾಗಲೆಲ್ಲ ಹಳಗನ್ನಡದ ಪತ್ತನ್ನು ಉಚ್ಚರಿಸುತ್ತಲೇ ಇದ್ದೇವೆ.

ಸಮಾಸಗಳಲ್ಲಿಯೂ ಹೀಗೆಯೇ. ಹಿರಿದು ಎಂಬ ಅರ್ಥದ ಪೆರ್ ಮತ್ತು ಪಾವು ಸೇರಿ ಹೆಬ್ಬಾವು, ಪೆರ್ ಮತ್ತು ಪುಲಿ ಸೇರಿ ಹೆಬ್ಬುಲಿ, ಕಣ್ ಮತ್ತು ಪನಿ ಸೇರಿ ಕಂಬನಿ, ಪೊನ್ ಮತ್ತು ಪಾಳೆ ಸೇರಿ ಹೊಂಬಾಳೆ, ಬೆಳ್ ಮತ್ತು ಪಕ್ಕಿ ಸೇರಿ ಬೆಳ್ವಕ್ಕಿಯಾಗಿ ಕೊನೆಗೆ ಬೆಳ್ಳಕ್ಕಿ. ಹನಿ ಎನ್ನುವ ನಾವು ‘ಕಣ್ಹನಿ’ ಎನ್ನದೆ ಕಂಬನಿ ಎನ್ನುವುದು ಏಕೆಂದರೆ, ಆ ಪದವು ಕೂಡಿಕೊಂಡದ್ದು ಹನಿಯು ಇನ್ನೂ ಪನಿಯಾಗಿದ್ದ ಕಾಲದಲ್ಲಿ.

ವಚನಪ್ರಿಯ:

ಪದಾನ್ವೇಷಿಯವರ ನಿಯಮಕ್ಕೆ ಬಸವಣ್ಣನವರ ಒಂದು ವಚನವನ್ನೇ ಉದಾಹರಣೆಯಾಗಿ ಕೊಡಬಹುದು. ‘ಹಾವಿನ ಬಾಯ ಕಪ್ಪೆ ಹಸಿದು ಹಾರುವ ನೊಣಕ್ಕೆ ಆಸೆ ಮಾಡುವಂತೆ’ ಎಂದು ಆರಂಭವಾಗುವ ಆ ವಚನದಲ್ಲಿ ಹಾವು, ಹಸಿವು, ಹಾರುವುದು, ಮುಂದೆ ಬರುವ ಹಾಲು ಇವೆಲ್ಲವೂ ಹಳೆಯ ಪಾವು, ಪಸಿವು, ಪಾಱುವುದು, ಪಾಲುಗಳು. ಅದೇ ವಚನದ ಕಪ್ಪೆ ಮತ್ತು ತುಪ್ಪಗಳಲ್ಲಿ ಇಮ್ಮಡಿ ಪಕಾರವು ಗಟ್ಟಿಯಾಗಿ ಉಳಿದಿದೆ. ವಚನಗಳು ನಮಗೆ ದೊರೆತಿರುವುದು ನಂತರದ ಕಾಲದ ಓಲೆಗರಿಗಳ ಮೂಲಕ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೂ, ಜನರ ಮಾತಿಗೆ ಹತ್ತಿರವಾದ ಸಾಹಿತ್ಯದಲ್ಲಿ ಹಕಾರವು ಎಷ್ಟು ಸಹಜವಾಗಿ ನೆಲೆಸಿತೆಂಬುದು ಇಲ್ಲಿ ಕಾಣುತ್ತದೆ.

ಕವಿಗಳು ಮಾತ್ರ ಎರಡನ್ನೂ ಬಹುಕಾಲ ಕೈಬಿಡಲಿಲ್ಲ. ಕುಮಾರವ್ಯಾಸನ ‘ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ’ ಎಂಬ ಸಾಲನ್ನು ನಿಧಾನವಾಗಿ ಓದಿ. ಹಲಗೆಯು ಹಳೆಯ ಪಲಗೆ. ಅದನ್ನು ಹಕಾರದಿಂದ ಆರಂಭಿಸಿದ ಕವಿ ಅದೇ ಉಸಿರಿನಲ್ಲಿ ‘ಪಿಡಿ’ಯನ್ನು ಪಕಾರದಲ್ಲಿಯೇ ಉಳಿಸಿದ್ದಾನೆ. ಕಾವ್ಯಕ್ಕೆ ಎರಡು ರೂಪಗಳು ಕೈಗೆಟುಕುವಂತಿದ್ದಾಗ ಛಂದಸ್ಸಿಗೂ ನಾದಕ್ಕೂ ಒಪ್ಪುವುದನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವಿತ್ತು. ಇಂದಿಗೂ ಭಾವಗೀತೆಗಳಲ್ಲಿ ‘ಪೊಸ’, ‘ಪೂ’ ಎಂಬ ರೂಪಗಳು ಬಂದರೆ ನಮಗೆ ಅವು ಅಪರಿಚಿತವೆನಿಸುವುದಿಲ್ಲ.

ಗಡಿಯಾಚೆಯ ಓದುಗ:

ಹಾಗಾದರೆ ಹಕಾರದ ಪ್ರತಿಯೊಂದು ಪದದ ಹಿಂದೆಯೂ ಪಕಾರವಿದೆಯೆಂದು ಭಾವಿಸಬಹುದೇ? ಹಕ್ಕು, ಹುಕುಂ, ಹಾಜರಿ ಮುಂತಾದ ಪದಗಳಲ್ಲಿ ಅದು ಸರಿಹೊಂದುವಂತೆ ತೋರುವುದಿಲ್ಲ.

ಪದಾನ್ವೇಷಿ:

ಖಂಡಿತ ಭಾವಿಸಬಾರದು, ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ಹಂಸ, ಹಿತ, ಹೃದಯ, ಹೋಮಗಳು ಸಂಸ್ಕೃತದಿಂದ ಹಕಾರದೊಡನೆಯೇ ಬಂದವು. ಹಕ್ಕು, ಹುಕುಂ, ಹಾಜರಿಗಳು ಅರಬ್ಬಿ ಮತ್ತು ಪಾರಸಿಯಿಂದ ಆಡಳಿತದ ಮೂಲಕ ಬಂದವು. ಹವಾಮಾನದಲ್ಲಿ ‘ಹವಾ’ ಅಲ್ಲಿಯದು, ‘ಮಾನ’ ಸಂಸ್ಕೃತದ್ದು. ಹೋಟೆಲು ಇಂಗ್ಲಿಷಿನದು. ತಮಿಳು, ತೆಲುಗು ಅಥವಾ ತುಳುವಿನಲ್ಲಿ ಅದೇ ಅರ್ಥದ ಪಕಾರದ ಪದ ಸಿಕ್ಕಿದರೆ ಅದು ನಮ್ಮ ಬಳಗದ ಪದವೆಂದು ಧೈರ್ಯವಾಗಿ ಊಹಿಸಬಹುದು.

ಆದರೆ ಸಂಸ್ಕೃತದಿಂದ ಪಕಾರದೊಡನೆ ಬಂದ ಕೆಲವು ಹಳೆಯ ಪದಗಳೂ ಕನ್ನಡದ ಬಾಯಿಗೆ ಬಿದ್ದು ಹಕಾರವಾಗಿವೆ. ಪರ್ವವು ಪಬ್ಬವಾಗಿ ಹಬ್ಬವಾಯಿತು. ಪುಸ್ತಕವು ಪೊತ್ತಗೆಯಾಗಿ ಹೊತ್ತಗೆಯಾಯಿತು. ಪಂಕ್ತಿಯಿಂದ ಹಂತಿ, ಪ್ರವಾಳದಿಂದ ಹವಳ, ಪಣದಿಂದ ಹಣ. ಪಾದ, ಪೂಜೆ, ಪತ್ರಗಳು ಮಾತ್ರ ತತ್ಸಮವಾಗಿಯೇ ಉಳಿದುದರಿಂದ ಬದಲಾಗಲಿಲ್ಲ.

ಅಚ್ಚಗನ್ನಡದ್ದೇ ಆಗಿ ಪಕಾರವನ್ನು ಉಳಿಸಿಕೊಂಡ ಪದಗಳೂ ಇವೆ: ಪಡುವಣ, ಪಾಡು, ಪಡೆ. ಇವುಗಳಲ್ಲಿ ‘ಪಡೆ’ಯ ಕಥೆ ನನಗೆ ಬಹಳ ಪ್ರಿಯವಾದುದು. ಹೊಂದು, ದೊರಕಿಸಿಕೊಳ್ಳು ಎಂಬ ಅರ್ಥದಲ್ಲಿ ಅದು ಬರಹದಲ್ಲಿ ‘ಪಡೆ’ಯಾಗಿಯೇ ಉಳಿದರೆ, ಮಗುವನ್ನು ಹೆರುವ ಅರ್ಥದಲ್ಲಿ ಜನರ ಬಾಯಲ್ಲಿ ‘ಹಡೆ’ ಆಯಿತು. ಪ್ರಶಸ್ತಿಯನ್ನು ಪಡೆಯುತ್ತೇವೆ, ಹಡೆದವ್ವ ನಮ್ಮನ್ನು ಹಡೆಯುತ್ತಾಳೆ. ಎರಡೂ ಒಂದೇ ಧಾತು.

ಜಪಾನಿನಲ್ಲಿರುವ ಕನ್ನಡಿಗ:

ಇದೇ ಬದಲಾವಣೆ ಇಲ್ಲಿಯೂ ನಡೆದಿದೆ ಎಂದರೆ ಸದಸ್ಯರಿಗೆ ಆಶ್ಚರ್ಯವಾದೀತು. ಜಪಾನಿ ಭಾಷೆಯ ಇಂದಿನ ಹಕಾರವೂ ಹಿಂದೊಮ್ಮೆ ಪಕಾರವಾಗಿದ್ದು, ತುಟಿಗಳು ಪೂರ್ತಿ ಮುಚ್ಚದೆ ಊದಿದಂತೆ ಹೊರಡುವ ಫಕಾರದಂಥ ಧ್ವನಿಯ ಮೂಲಕ ಹಾದು ಹಕಾರವಾಯಿತೆಂದು ವಿದ್ವಾಂಸರು ತೋರಿಸಿದ್ದಾರೆ. ಹೂವಿಗೆ ಇಲ್ಲಿ ‘ಹನಾ’ ಎನ್ನುತ್ತಾರೆ. ಅದು ಹಿಂದೆ ‘ಪನಾ’ ಆಗಿತ್ತು. ದೇಶದ ಹೆಸರಿಗೆ ನಿಹೊನ್ ಮತ್ತು ನಿಪ್ಪೊನ್ ಎಂಬ ಎರಡು ರೂಪಗಳಿವೆ. ಒಂಟಿಯಾಗಿದ್ದ ಧ್ವನಿಯು ಹಕಾರವಾಗಿ, ಇಮ್ಮಡಿಯಾಗಿದ್ದುದು ಪಕಾರವಾಗಿಯೇ ಉಳಿಯಿತು. ನಮ್ಮ ಹತ್ತು ಮತ್ತು ಇಪ್ಪತ್ತುಗಳ ಲೆಕ್ಕವೇ ಇದು. ಎರಡೂ ಭಾಷೆಗಳಿಗೆ ಇದರಲ್ಲಿ ಯಾವ ಕೊಡುಕೊಳೆಯೂ ಇಲ್ಲ. ತುಟಿಯನ್ನು ಬಿಗಿಯಾಗಿ ಮುಚ್ಚುವ ಶ್ರಮವು ಕಡಿಮೆಯಾಗುತ್ತ ಬಂದಾಗ ಬಾಯಿ ಹಿಡಿಯುವ ಸಹಜವಾದ ದಾರಿ ಇದು, ಅಷ್ಟೇ.

ಮಂಡ್ಯದ ಮಾತುಗಾರ:

ನಮ್ಮ ಕಡೆಯ ಹಳ್ಳಿಗಳಲ್ಲಿ ಹಕಾರವನ್ನೂ ಬಿಟ್ಟು ಆಲು, ಅಣ್ಣು, ಅಳ್ಳಿ, ಓಗು ಎನ್ನುತ್ತಾರೆ. ಇದಕ್ಕಾಗಿ ನಮ್ಮ ಮಕ್ಕಳನ್ನು ಪಟ್ಟಣದ ಶಾಲೆಗಳಲ್ಲಿ ನಗೆಗೀಡುಮಾಡುವುದನ್ನು ನಾನು ಕಂಡಿದ್ದೇನೆ. ಅಕ್ಕಿ ಮತ್ತು ಹಕ್ಕಿ, ಆರು ಮತ್ತು ಹಾರು, ಏಳು ಮತ್ತು ಹೇಳು ಇವುಗಳ ಭೇದ ತಿಳಿಯದವರೆಂದು ಹಂಗಿಸುತ್ತಾರೆ. ಪಾಲು ಹಾಲಾದದ್ದು ಭಾಷೆಯ ಬೆಳವಣಿಗೆಯಾದರೆ, ಹಾಲು ಆಲಾಗುವುದು ಮಾತ್ರ ಏಕೆ ಅಪಭ್ರಂಶವಾಗಬೇಕು ಎಂಬುದು ನನ್ನ ಪ್ರಶ್ನೆ.

ವಚನಪ್ರಿಯ:

ತಮ್ಮ ನೋವು ನ್ಯಾಯವಾದುದು. ಆದರೂ ಬರವಣಿಗೆಯಲ್ಲಿ ಹಕಾರವನ್ನು ಕಾಪಾಡಲೇಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಹರಿ ಮತ್ತು ಅರಿ, ಹಳೆ ಮತ್ತು ಅಳೆ, ಹಾಡು ಮತ್ತು ಆಡು ಒಂದಾದರೆ ಓದುವವನಿಗೆ ತೊಡಕಾಗುತ್ತದೆ.

ಪದಾನ್ವೇಷಿ:

ಇಬ್ಬರ ಮಾತಿಗೂ ಸ್ಥಳವಿದೆ. ಬರಹಕ್ಕೆ ಎಲ್ಲ ಪ್ರದೇಶಗಳವರೂ ಒಪ್ಪಿದ ಒಂದು ರೂಪ ಬೇಕು, ಆದ್ದರಿಂದ ಮಕ್ಕಳು ಹಾಲು ಎಂದೇ ಬರೆಯಲು ಕಲಿಯಬೇಕು. ಆದರೆ ಆಲು ಎನ್ನುವ ಮಗುವು ಭಾಷೆಯನ್ನು ಕೆಡಿಸುತ್ತಿಲ್ಲ. ಪಾಲಿನಿಂದ ಹಾಲಿಗೆ ಬಂದ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟ ಊರಿನಿಂದ ಅದು ಬಂದಿದೆ. ಇಂಗ್ಲಿಷಿನಲ್ಲಿ ಹಕಾರದಿಂದಲೇ ಆರಂಭವಾಗುವ ಹಾಸ್ಪಿಟಲ್ ಎಂಬ ಪದವು ನಮ್ಮಲ್ಲಿ ಆಸ್ಪತ್ರೆಯಾಗಿರುವಾಗ, ಅತ್ಯಂತ ಶುದ್ಧವಾಗಿ ಮಾತನಾಡುವವರೂ ಅಲ್ಲಿ ಹಕಾರವಿಲ್ಲದೆಯೇ ನೆಮ್ಮದಿಯಾಗಿದ್ದಾರೆ. ಅಧ್ಯಾಪಕರಾದವರು ಮಗುವಿಗೆ ಈ ಮೂರು ಹೆಜ್ಜೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರೆ, ಆ ಮಗು ನಾಚಿಕೊಳ್ಳುವುದರ ಬದಲಿಗೆ ಕುತೂಹಲದಿಂದ ಕಲಿಯುತ್ತದೆ.

ಕರಡು ತಿದ್ದುವವರು:

ಬರವಣಿಗೆಯ ವಿಷಯ ಬಂದುದರಿಂದ ಒತ್ತಕ್ಷರಗಳ ಬಗ್ಗೆ ಒಂದು ಮಾತು. ಬ್ರಹ್ಮ, ಚಿಹ್ನೆ, ಮಧ್ಯಾಹ್ನ, ಜಾಹ್ನವಿ, ಆಹ್ಲಾದ ಇವುಗಳಲ್ಲಿ ಕಣ್ಣಿಗೆ ಹಕಾರ ಮೊದಲು ಬೀಳುತ್ತದೆ, ನಾಲಗೆಯಲ್ಲಿ ಮಾತ್ರ ಮಕಾರ, ನಕಾರ, ಲಕಾರಗಳು ಮೊದಲು ಬರುತ್ತವೆ. ಹೀಗಾಗಿ ಕೇಳಿದಂತೆಯೇ ಬರೆಯುವವರು ‘ಬ್ರಮ್ಹ’, ‘ಚಿನ್ಹೆ’, ‘ಮಧ್ಯಾನ್ಹ’ ಎಂದು ಬರೆದುಬಿಡುತ್ತಾರೆ. ನನ್ನ ಕೈಗೆ ಬರುವ ಕರಡುಗಳಲ್ಲಿ ‘ಚಿನ್ಹೆ’ಯೇ ಎಲ್ಲಕ್ಕಿಂತ ಹೆಚ್ಚು. ಹಕಾರಕ್ಕೆ ನಕಾರದ ಒತ್ತು, ಹಕಾರಕ್ಕೆ ಮಕಾರದ ಒತ್ತು ಎಂದು ನೆನಪಿಟ್ಟುಕೊಳ್ಳುವುದೇ ಸರಿಯಾದ ಮಾರ್ಗ.

ಗಡಿಯಾಚೆಯ ಓದುಗ:

ಕೊನೆಯದಾಗಿ ಒಂದು ಸಣ್ಣ ಸಂದೇಹ. ನಾವು ದಿನವೂ ಹೇಳುವ ‘ಹೌದು’ ಎಂಬುದರ ಹಕಾರ ಎಲ್ಲಿಯದು? ತೆಲುಗಿನಲ್ಲಿ ‘ಅವುನು’ ಎನ್ನುತ್ತಾರೆ, ಅಲ್ಲಿ ಪಕಾರ ಕಾಣುವುದಿಲ್ಲ.

ಶಾಸನಾಸಕ್ತ:

ಇದರಲ್ಲಿಯೂ ಪಕಾರವಿದೆ, ಆದರೆ ಅದು ಪದದ ಮೊದಲಲ್ಲಿ ಇರಲಿಲ್ಲ. ‘ಆಗು’ ಎಂಬ ಕ್ರಿಯೆಯ ಹಳಗನ್ನಡದ ರೂಪ ‘ಅಪ್ಪುದು’, ಅಂದರೆ ಆಗುವುದು. ಅದು ನಡುಗನ್ನಡದಲ್ಲಿ ‘ಅಹುದು’ ಎಂದಾಯಿತು. ದಾಸರ ಪದಗಳನ್ನೂ ಹಳೆಯ ಷಟ್ಪದಿಗಳನ್ನೂ ಓದುವವರಿಗೆ ಈ ಅಹುದು ಚಿರಪರಿಚಿತ. ಮುಂದೆ ಹಕಾರವು ಮೊದಲಿಗೆ ಸರಿದು ‘ಹೌದು’ ಆಯಿತು. ಜೋಡಿ ಪಕಾರವು ಉಳಿಯುತ್ತದೆಂಬ ಮೇಲಿನ ನಿಯಮಕ್ಕೆ ಇದು ಹೊರತಾದುದು. ‘ಆಗುವ’ ಎಂಬ ಅರ್ಥದ ‘ಅಪ್ಪ’ ಎಂಬುದು ‘ಅಹ’ ಎಂದು ಬದಲಾದಾಗಲೂ ಹೀಗೆಯೇ ನಡೆದಿದೆ. ಹಗಲೆಲ್ಲ ಬಾಯಲ್ಲಿ ಆಡುವ ಇಂಥ ಕಿರಿಯ ಪದಗಳು ಉಳಿದವುಗಳಿಗಿಂತ ಬೇಗ ಸವೆಯುತ್ತವೆ. ಮಂಡ್ಯದ ಮಿತ್ರರ ಊರಿನಲ್ಲಿ ಇದನ್ನು ‘ಔದು’ ಎನ್ನುತ್ತಾರಾದ್ದರಿಂದ, ಅಪ್ಪುದು, ಅಹುದು, ಹೌದು, ಔದು ಎಂಬ ನಾಲ್ಕು ರೂಪಗಳನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಬಹುದು.